ಓದುಗರ ಪ್ರಶ್ನೆ, ವೈದ್ಯರ ಉತ್ತರ: ಯಂತ್ರ ಓದಿದ ರಿಪೋರ್ಟನ್ನು ಎಷ್ಟು ನಂಬಬಹುದು?

ಕೃತಕ ಬುದ್ಧಿಮತ್ತೆ ಮತ್ತು ಚಿಕಿತ್ಸೆಯ ಕುರಿತು ಕಳೆದ ಕೆಲವು ತಿಂಗಳಲ್ಲಿ ಬಂದ ಪತ್ರಗಳು ಬಹಳ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಅರ್ಥದ ಪತ್ರಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಪ್ರಶ್ನೆಗಳನ್ನು ಚಿಕ್ಕದು ಮಾಡಿಕೊಂಡಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ನಮ್ಮೂರಿನ ಆರೋಗ್ಯ ಶಿಬಿರದಲ್ಲಿ ಕ್ಯಾಮೆರಾದಿಂದ ಕಣ್ಣಿನ ಒಳಭಾಗದ ಫೋಟೊ ತೆಗೆದು, ಎರಡೇ ನಿಮಿಷದಲ್ಲಿ ‘ಕಣ್ಣಿನ ತಜ್ಞರನ್ನು ಕಾಣಬೇಕು’ ಎಂಬ ಚೀಟಿ ಕೊಟ್ಟರು. ಯಾವ ವೈದ್ಯರೂ ನನ್ನ ಕಣ್ಣು ನೋಡಲಿಲ್ಲ, ಕಂಪ್ಯೂಟರೇ ಹಾಗೆ ಹೇಳಿತಂತೆ. ನನಗೆ ಓದಲು ಬರೆಯಲು ಯಾವ ತೊಂದರೆಯೂ ಇಲ್ಲ. ಈ ಚೀಟಿಯನ್ನು ನಂಬಬೇಕೆ?
– ನಿವೃತ್ತ ಶಿಕ್ಷಕರು, ಹೊಸದುರ್ಗ

ಉತ್ತರ: ಮೊದಲು ಚೀಟಿಯಲ್ಲಿ ಬರೆದಂತೆ ಕಣ್ಣಿನ ತಜ್ಞರಲ್ಲಿಗೆ ಹೋಗಿ ಬನ್ನಿ, ನಂಬಿಕೆಯ ಮಾತು ಆಮೇಲೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ (ರೆಟಿನಾ) ಆಗುವ ಹಾನಿ ಬಹಳ ಕಾಲ ಯಾವ ಸುಳಿವನ್ನೂ ಕೊಡುವುದಿಲ್ಲ. ಪತ್ರಿಕೆಯ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿರುವಾಗಲೇ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳು ಉಬ್ಬಿ ಸೋರತೊಡಗಿರುತ್ತವೆ. ಒಂದು ದಿನ ಕಣ್ಣೊಳಗೆ ರಕ್ತಸ್ರಾವವಾಗಿ ಎದುರಿಗೆ ಕಪ್ಪು ಪರದೆ ಇಳಿದಾಗಲೇ ಎಷ್ಟೋ ರೋಗಿಗಳಿಗೆ ವಿಷಯ ತಿಳಿಯುತ್ತದೆ. ಬೇಗ ಪತ್ತೆಯಾದರೆ ಲೇಸರ್ ಮತ್ತು ಕಣ್ಣಿಗೆ ಕೊಡುವ ಚುಚ್ಚುಮದ್ದುಗಳಿಂದ ದೃಷ್ಟಿಯನ್ನು ಉಳಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಆದ್ದರಿಂದಲೇ ಸಕ್ಕರೆ ಕಾಯಿಲೆ ಇರುವವರೆಲ್ಲರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ ಇರುವಾಗ, ಅಷ್ಟೂ ಜನರ ಕಣ್ಣನ್ನು ಪ್ರತಿವರ್ಷ ನೋಡಲು ನೇತ್ರತಜ್ಞರು ಎಲ್ಲಿಂದ ಬರಬೇಕು? ಕೃತಕ ಬುದ್ಧಿಮತ್ತೆ ನಿಜವಾಗಿ ಕೈಹಿಡಿಯಬಹುದಾದ ಜಾಗ ಇಂಥದ್ದು.

ಯಂತ್ರ ಈ ಕೆಲಸವನ್ನು ಕಲಿತ ಬಗೆಯನ್ನೂ ತಿಳಿದುಕೊಂಡಿರಿ. 2016ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನಕ್ಕೆ 1,28,175 ಅಕ್ಷಿಪಟಲ ಚಿತ್ರಗಳನ್ನು ಬಳಸಲಾಗಿತ್ತು. ಅಮೆರಿಕದ 54 ಮಂದಿ ನೇತ್ರವೈದ್ಯರು ಆ ಚಿತ್ರಗಳನ್ನು ನೋಡಿ, ರೋಗದ ಮಟ್ಟವನ್ನು ಗುರುತಿಸಿ ಕೊಟ್ಟಿದ್ದರು. ಚಿತ್ರಗಳಲ್ಲಿ ಒಂದು ಪಾಲು ನಮ್ಮ ದೇಶದ ಮೂರು ಕಣ್ಣಾಸ್ಪತ್ರೆಗಳಿಂದ ಹೋದವು, ಅವುಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇನ್ನೊಂದು ಕಂಪನಿಯ ಇಂಥದೇ ಸಾಧನಕ್ಕೆ, ವೈದ್ಯರು ಚಿತ್ರವನ್ನು ನೋಡದೆಯೇ ಫಲಿತಾಂಶ ಹೇಳಬಹುದೆಂದು ಒಪ್ಪಿಗೆ ಕೊಟ್ಟಿತು. ಹತ್ತು ಕೇಂದ್ರಗಳ 900 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಆ ಸಾಧನವು ರೋಗ ಇದ್ದವರಲ್ಲಿ ಶೇ 87ರಷ್ಟು ಮಂದಿಯನ್ನು, ಇಲ್ಲದವರಲ್ಲಿ ಶೇ 90ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸಿತ್ತು. ಹಾಗಾಗಿ ವೈದ್ಯರು ನೋಡಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ಚೀಟಿಯನ್ನು ಬದಿಗಿಡಬೇಡಿ.

ಆದರೆ ಪ್ರಯೋಗದ ಕೋಣೆಯೇ ಬೇರೆ, ಶಿಬಿರದ ಶಾಮಿಯಾನವೇ ಬೇರೆ. ಗೂಗಲ್‌ನ ಅದೇ ತಂತ್ರಾಂಶವನ್ನು ಥಾಯ್ಲೆಂಡ್‌ನ 11 ಆರೋಗ್ಯ ಕೇಂದ್ರಗಳಲ್ಲಿ ಬಳಸಿದಾಗ ಏನಾಯಿತೆಂದು 2020ರಲ್ಲಿ ಆ ಸಂಸ್ಥೆಯವರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಬಹುತೇಕ ಕೇಂದ್ರಗಳಲ್ಲಿ ಕತ್ತಲೆ ಮಾಡಬಲ್ಲ ಪ್ರತ್ಯೇಕ ಕೋಣೆಯೇ ಇರಲಿಲ್ಲ. ಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗದೆ ಚಿತ್ರಗಳು ಮಬ್ಬಾದವು, 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಯಂತ್ರ ‘ಓದಲಾಗದು’ ಎಂದು ತಳ್ಳಿಹಾಕಿತು. ಕಣ್ಣು ಚೆನ್ನಾಗಿದ್ದರೂ ಚಿತ್ರ ಮಬ್ಬಾದ ಕಾರಣಕ್ಕೆ ಕೂಲಿ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳಿಗೆ ಏನೆಂದು ಹೇಳಬೇಕೆಂದು ತಿಳಿಯದೆ ದಾದಿಯರು ಪೇಚಾಡಿದರು. ಇಂಟರ್‌ನೆಟ್ ನಿಧಾನವಾದಾಗ ಸರದಿ ಬೆಳೆಯುತ್ತ ಹೋಯಿತು. ತಂತ್ರಾಂಶದ ಲೆಕ್ಕ ಸರಿಯಾಗಿದ್ದರೂ ಕೋಣೆಯ ಕಿಟಕಿಗೆ ಪರದೆ ಇಲ್ಲದ್ದರಿಂದ ಕೆಲಸ ಕೆಟ್ಟಿತು.

ನೀವು ಶಿಕ್ಷಕರಾಗಿದ್ದವರು, ಒಂದು ಸಣ್ಣ ಲೆಕ್ಕವನ್ನೂ ಮಾಡಿ ನೋಡೋಣ. ಶಿಬಿರಕ್ಕೆ ಸಕ್ಕರೆ ಕಾಯಿಲೆಯ 1,000 ಮಂದಿ ಬಂದರು, ಅವರಲ್ಲಿ 50 ಮಂದಿಗೆ ಮಾತ್ರ ನಿಜವಾಗಿ ತಜ್ಞರ ಚಿಕಿತ್ಸೆ ಬೇಕಿದೆ ಎಂದುಕೊಳ್ಳಿ. ರೋಗ ಇರುವವರನ್ನೂ ಇಲ್ಲದವರನ್ನೂ ನೂರಕ್ಕೆ 90 ಸಲ ಸರಿಯಾಗಿ ಗುರುತಿಸುವ ಯಂತ್ರವು ಆ 50ರಲ್ಲಿ 45 ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಮಂದಿಯಲ್ಲಿ 95 ಮಂದಿಗೆ ಸುಮ್ಮನೆ ಚೀಟಿ ಕೊಡುತ್ತದೆ. ಒಟ್ಟು 140 ಚೀಟಿಗಳಲ್ಲಿ ನಿಜವಾದವು 45, ಅಂದರೆ ಮೂರರಲ್ಲಿ ಒಂದು. ಆದ್ದರಿಂದ ಚೀಟಿ ಕೈಗೆ ಬಂತೆಂದು ಎದೆಗುಂದಬೇಕಾಗಿಲ್ಲ, ಆದರೆ ಆ 45ರಲ್ಲಿ ನೀವೂ ಒಬ್ಬರೋ ಎಂಬುದನ್ನು ತಜ್ಞರು ಪಾಪೆ ಹಿಗ್ಗಿಸಿ ನೋಡಿದ ಮೇಲೆಯೇ ಹೇಳಲು ಸಾಧ್ಯ. ಇನ್ನೊಂದು ಮಾತು, ‘ತೊಂದರೆ ಇಲ್ಲ’ ಎಂಬ ಚೀಟಿ ಪಡೆದ ನಿಮ್ಮ ನೆರೆಹೊರೆಯವರಿಗೆ. ಇಂಥ ಸಾಧನಗಳಲ್ಲಿ ಹೆಚ್ಚಿನವು ಸಕ್ಕರೆ ಕಾಯಿಲೆಯ ಹಾನಿಯೊಂದನ್ನೇ ಹುಡುಕುತ್ತವೆ. ಗ್ಲಾಕೋಮಾ ಇದೆಯೇ, ಪೊರೆ ಬಂದಿದೆಯೇ ಎಂಬ ಪ್ರಶ್ನೆಯನ್ನು ಅವುಗಳಿಗೆ ಯಾರೂ ಕೇಳಿಯೇ ಇರುವುದಿಲ್ಲ, ಕೇಳದ ಪ್ರಶ್ನೆಗೆ ಅವು ಉತ್ತರ ಕೊಡುವುದೂ ಇಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ದತ್ತಾಂಶ ಹೆಚ್ಚಾದಂತೆ ತಂತ್ರಾಂಶದ ತಪ್ಪುಗಳು ಕಡಿಮೆಯಾಗುತ್ತ ಹೋಗುತ್ತವೆ. ಲಕ್ಷಾಂತರ ರೋಗಿಗಳ ದಾಖಲೆಯನ್ನು ಓದಿದ ಯಂತ್ರಕ್ಕಿಂತ, ಜೀವಮಾನದಲ್ಲಿ ಕೆಲವು ಸಾವಿರ ರೋಗಿಗಳನ್ನು ನೋಡಿದ ವೈದ್ಯರು ಹೇಗೆ ಹೆಚ್ಚು ನಂಬಿಕೆಗೆ ಅರ್ಹರು?
– ಬೆಂಗಳೂರಿನ ಓದುಗರು

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ವೈದ್ಯರು ತಪ್ಪು ಮಾಡುತ್ತೇವೆ, ದಣಿದಾಗ ಇನ್ನೂ ಹೆಚ್ಚು ಮಾಡುತ್ತೇವೆ. ಆದರೆ ದತ್ತಾಂಶದಲ್ಲಿ ಇರುವುದು ರೋಗಿಯ ದೇಹದ ಕಥೆ ಮಾತ್ರವಲ್ಲ. ಆ ರೋಗಿಗೆ ಆಸ್ಪತ್ರೆ ಏನು ಮಾಡಿತು ಎಂಬ ಕಥೆಯೂ ಅದರೊಳಗೆ ಬೆರೆತಿರುತ್ತದೆ, ಯಂತ್ರಕ್ಕೆ ಇವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ.

1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ನ್ಯುಮೋನಿಯಾ ರೋಗಿಗಳಲ್ಲಿ ಯಾರನ್ನು ಆಸ್ಪತ್ರೆಗೆ ಸೇರಿಸಬೇಕು, ಯಾರನ್ನು ಮನೆಗೆ ಕಳಿಸಬಹುದು ಎಂದು ಹೇಳುವ ಕಂಪ್ಯೂಟರ್ ಮಾದರಿಗಳನ್ನು ಸಿದ್ಧಪಡಿಸುತ್ತಿದ್ದರು. ಅವುಗಳಲ್ಲಿ ಒಂದು ಮಾದರಿ ದಾಖಲೆಗಳನ್ನು ಓದಿ, ಆಸ್ತಮಾ ಇರುವವರಿಗೆ ನ್ಯುಮೋನಿಯಾದಿಂದ ಸಾಯುವ ಅಪಾಯ ಕಡಿಮೆ ಎಂಬ ನಿಯಮವನ್ನು ಕಲಿಯಿತು. ಯಾವ ವೈದ್ಯ ವಿದ್ಯಾರ್ಥಿಯೂ ಇದನ್ನು ಒಪ್ಪಲಾರ. ಆದರೆ ದತ್ತಾಂಶದಲ್ಲಿ ಅದು ಸುಳ್ಳಾಗಿರಲಿಲ್ಲ. ಆಸ್ತಮಾ ಇದ್ದವರಿಗೆ ನ್ಯುಮೋನಿಯಾ ಆದರೆ ಅಲ್ಲಿನ ವೈದ್ಯರು ಅವರನ್ನು ನೇರವಾಗಿ ಐಸಿಯುಗೆ ಸೇರಿಸಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದರು, ಆದ್ದರಿಂದಲೇ ಅವರು ಬದುಕುತ್ತಿದ್ದರು. ಆ ಮಾದರಿಯ ಮಾತು ಕೇಳಿ ಅವರನ್ನು ಮನೆಗೆ ಕಳಿಸಿದ್ದರೆ ಅವರೇ ಮೊದಲು ಸಾಯುತ್ತಿದ್ದರು. ಈ ಮಾದರಿ ತನ್ನ ನಿಯಮಗಳನ್ನು ಬಿಡಿಸಿ ತೋರಿಸುತ್ತಿದ್ದುದರಿಂದ ತಪ್ಪು ಕಣ್ಣಿಗೆ ಬಿತ್ತು. ಜೊತೆಯಲ್ಲೇ ತಯಾರಾಗಿದ್ದ, ಲೆಕ್ಕದಲ್ಲಿ ಹೆಚ್ಚು ನಿಖರವಾದ ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಯೂ ಒಳಗೊಳಗೆ ಇದನ್ನೇ ಕಲಿತಿರಬಹುದೆಂದು, ಅದರ ಒಳಗನ್ನು ನೋಡಲಾಗದ ಕಾರಣ, ಅದನ್ನು ರೋಗಿಗಳ ಮೇಲೆ ಬಳಸದೆ ಕೈಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದಲ್ಲಿ ತೆಗೆದುಕೊಂಡ ಅತ್ಯಂತ ವಿವೇಕದ ತೀರ್ಮಾನಗಳಲ್ಲಿ ಅದೂ ಒಂದು.

ಇಂಥ ಅಡ್ಡದಾರಿಯ ಕಲಿಕೆ ಇಂದಿನ ಯಂತ್ರಗಳಲ್ಲೂ ಇದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎದೆಯ ಎಕ್ಸ್‌-ರೇ ನೋಡಿ ನ್ಯುಮೋನಿಯಾ ಗುರುತಿಸುವ ತಂತ್ರಾಂಶಕ್ಕೆ ಆ ಎಕ್ಸ್‌-ರೇ ಯಾವ ಆಸ್ಪತ್ರೆಯದು ಎಂಬುದು ಬಹುತೇಕ ತಪ್ಪಿಲ್ಲದೆ ಗೊತ್ತಾಗುತ್ತಿತ್ತು. ಒಂದು ಆಸ್ಪತ್ರೆಯ ಚಿತ್ರಗಳಲ್ಲಿ ನೂರಕ್ಕೆ 34ರಷ್ಟು ನ್ಯುಮೋನಿಯಾ ಇದ್ದು, ಇನ್ನೊಂದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಇದ್ದುದರಿಂದ, ಶ್ವಾಸಕೋಶವನ್ನು ನೋಡುವುದಕ್ಕಿಂತ ಆಸ್ಪತ್ರೆಯನ್ನು ಗುರುತು ಹಿಡಿಯುವುದೇ ಅಂಕ ಗಳಿಸುವ ಸುಲಭ ದಾರಿಯಾಗಿತ್ತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ನನ್ನನ್ನು ಇದಕ್ಕಿಂತಲೂ ಹೆಚ್ಚು ಕಲಕಿತು. ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ತೀರ್ಮಾನಿಸಲು ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ತಂತ್ರಾಂಶವೊಂದು, ಕಾಯಿಲೆಯ ತೀವ್ರತೆಯನ್ನು ಅಳೆಯಲು ಚಿಕಿತ್ಸೆಗೆ ಆದ ಖರ್ಚನ್ನೇ ಮಾನದಂಡವಾಗಿ ಇಟ್ಟುಕೊಂಡಿತ್ತು. ಕಪ್ಪು ಜನಾಂಗದವರಿಗೆ ಆಸ್ಪತ್ರೆಯ ಸೌಲಭ್ಯ ಕಡಿಮೆ ಸಿಗುತ್ತಿತ್ತು, ಆದ್ದರಿಂದ ಖರ್ಚೂ ಕಡಿಮೆ, ಆದ್ದರಿಂದ ಅವರು ಹೆಚ್ಚು ಆರೋಗ್ಯವಂತರು ಎಂದು ಯಂತ್ರ ಲೆಕ್ಕ ಹಾಕಿತು. ಈ ದೋಷವನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು.

ನಮ್ಮಲ್ಲಿ ಹಣವಿಲ್ಲದೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು ಎಷ್ಟು ಮಂದಿ ಎಂದು ಯೋಚಿಸಿ. ಅವರ ಕಾಯಿಲೆ ಯಾವ ದತ್ತಾಂಶದಲ್ಲೂ ಇಲ್ಲ. ದಾಖಲೆಯಾದದ್ದರ ಗುಣಮಟ್ಟವೂ ಯೋಚಿಸಬೇಕಾದದ್ದೇ. ಒಬ್ಬರೇ ದಾದಿ ನಲವತ್ತು ಹಾಸಿಗೆಗಳನ್ನು ನೋಡಿಕೊಳ್ಳಬೇಕಾದ ವಾರ್ಡುಗಳಲ್ಲಿ, ಕೇಸ್ ಶೀಟಿನ ಬಿ.ಪಿ. ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ 120/80 ಎಂದೇ ಬರೆದಿರುವುದನ್ನು ನಾನು ನೋಡಿದ್ದೇನೆ. ಆ ದಾದಿಯನ್ನು ನಾನು ದೂರುವುದಿಲ್ಲ. ಆದರೆ ನಾಳೆ ಆ ಹಾಳೆಗಳೇ ಕಂಪ್ಯೂಟರಿಗೆ ಪಾಠವಾಗುತ್ತವೆ ಎಂಬುದನ್ನು ನೀವು ಎಂಜಿನಿಯರುಗಳು ಮರೆಯಬಾರದು.

ಹಾಗೆಯೇ, ತಂತ್ರಾಂಶವನ್ನು ಮಾರುವವರು ಹೇಳುವ ಅಂಕಿಗಳನ್ನು ಬೇರೆಯವರು ಪರೀಕ್ಷಿಸುವವರೆಗೆ ಕಾಯುವುದು ಒಳ್ಳೆಯದು. ಸೋಂಕಿಗೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವ ಸೆಪ್ಸಿಸ್ ಸ್ಥಿತಿಯನ್ನು ಮುಂಚಿತವಾಗಿ ಎಚ್ಚರಿಸುವ, ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ತಂತ್ರಾಂಶವೊಂದನ್ನು ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ಅದು ಸೆಪ್ಸಿಸ್ ಆದವರಲ್ಲಿ ಶೇ 67ರಷ್ಟು ಮಂದಿಯನ್ನು ಗುರುತಿಸದೆ ಬಿಟ್ಟಿತ್ತು, ಆದರೂ ದಾಖಲಾದವರಲ್ಲಿ ಶೇ 18ರಷ್ಟು ಮಂದಿಗೆ ಗಂಟೆ ಬಾರಿಸಿತ್ತು.

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಎರಡು ತಿಂಗಳಿಂದ ಸುಸ್ತು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.9 ಬಂತು. ಅಮೆರಿಕದಲ್ಲಿರುವ ತಮ್ಮ ರಿಪೋರ್ಟನ್ನು ಚಾಟ್‌ಜಿಪಿಟಿಗೆ ಹಾಕಿ ಕೇಳಿದಾಗ ಕಬ್ಬಿಣಾಂಶದ ಕೊರತೆ ಇರಬಹುದೆಂದು ಹೇಳಿತು. ಅದರಂತೆ ಮಾತ್ರೆ ಶುರು ಮಾಡಿದ್ದೇವೆ, ಅಮ್ಮನಿಗೆ ಸ್ವಲ್ಪ ಗೆಲುವಾಗಿದೆ. ವೈದ್ಯರಿಗೆ ತೋರಿಸುವ ಅಗತ್ಯ ಇದೆಯೆ?
– ಗೃಹಿಣಿ, ಪುತ್ತೂರು

ಉತ್ತರ: ತಂಗಿ, ಅಗತ್ಯ ಇದೆ. ಈ ವಾರವೇ ತೋರಿಸಿ. ನಿಮ್ಮ ತಮ್ಮನಿಗೆ ಸಿಕ್ಕ ಉತ್ತರ ತಪ್ಪಲ್ಲ, ಬಹುಶಃ ಕಬ್ಬಿಣಾಂಶದ ಕೊರತೆಯೇ ಇರಬಹುದು. ಆದರೆ ಅದು ಉತ್ತರದ ಅರ್ಧಭಾಗ. ಮುಟ್ಟು ನಿಂತು ಹತ್ತು ವರ್ಷಗಳಾದ ಹೆಂಗಸಿನ ದೇಹದಿಂದ ಕಬ್ಬಿಣಾಂಶ ಎಲ್ಲಿಗೆ ಹೋಯಿತು ಎಂಬುದು ಇನ್ನರ್ಧ, ಚಿಕಿತ್ಸೆಯ ದೃಷ್ಟಿಯಿಂದ ಅದೇ ಮುಖ್ಯ. ಮಂಡಿನೋವಿಗೆ ತಿಂಗಳುಗಟ್ಟಲೆ ನುಂಗಿದ ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಜಿನುಗುತ್ತಿರಬಹುದು, ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಆಗಿರಬಹುದು, ಮೂಲವ್ಯಾಧಿ ಇರಬಹುದು, ಕೆಲವೊಮ್ಮೆ ದೊಡ್ಡ ಕರುಳಿನ ಕ್ಯಾನ್ಸರಿನ ಮೊದಲ ಮತ್ತು ಏಕೈಕ ಲಕ್ಷಣ ಈ ರಕ್ತಹೀನತೆಯೇ ಆಗಿರಬಹುದು. ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿ ಸುಸ್ತು ಕಡಿಮೆಯಾದರೆ ಕಾರಣವನ್ನು ಹುಡುಕುವ ಕೆಲಸ ಇನ್ನಷ್ಟು ತಿಂಗಳು ಮುಂದಕ್ಕೆ ಹೋಗುತ್ತದೆ ಎಂಬುದೇ ನನ್ನ ಆತಂಕ. ಹೋಗುವಾಗ ಒಂದು ವಿಷಯವನ್ನು ಮರೆಯದೆ ಹೇಳಿ: ಹೊಟ್ಟೆಯಲ್ಲಿ ರಕ್ತ ಜಿನುಗಿದರೆ ಮಲ ಕಪ್ಪಾಗಬಹುದು, ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದ್ದರಿಂದ ಮಾತ್ರೆ ಶುರು ಮಾಡುವ ಮೊದಲು ಮಲದ ಬಣ್ಣ ಹೇಗಿತ್ತೆಂದು ಅಮ್ಮನನ್ನು ಕೇಳಿಕೊಂಡು ಹೋಗಿ.

ನಿಮ್ಮ ಪತ್ರ ಬಂದ ಮೇಲೆ ನಾನೇ ಕುಳಿತು ಇಂಥ ಒಂದು ತಂತ್ರಾಂಶವನ್ನು ಎರಡು ರೀತಿಯಲ್ಲಿ ಕೇಳಿ ನೋಡಿದೆ. ಹಿಮೋಗ್ಲೋಬಿನ್ ಇಷ್ಟಿದೆ, ಕಬ್ಬಿಣದ ಮಾತ್ರೆ ಸಾಕೇ ಎಂದು ಕೇಳಿದಾಗ ಮಾತ್ರೆಯ ಪ್ರಮಾಣ, ಸೊಪ್ಪು, ನಿಂಬೆರಸ ಎಲ್ಲವನ್ನೂ ವಿವರವಾಗಿ ಹೇಳಿ, ಕೊನೆಯಲ್ಲಿ ಒಂದು ಸಾಲಿನಲ್ಲಿ ವೈದ್ಯರನ್ನು ಕಾಣಿರಿ ಎಂದಿತು. ಅದೇ ರಿಪೋರ್ಟಿನ ಜೊತೆಗೆ ವಯಸ್ಸು 62, ತೂಕ ಇಳಿದಿದೆ, ಮಲ ಕಪ್ಪಾಗಿದೆ ಎಂದು ಸೇರಿಸಿದಾಗ, ತಡಮಾಡದೆ ಎಂಡೋಸ್ಕೋಪಿ ಮಾಡಿಸಿ ಎಂದು ಮೊದಲ ಸಾಲಿನಲ್ಲೇ ಹೇಳಿತು. ಎರಡನೆಯ ಉತ್ತರ ನಾನು ಕೊಡುವುದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ. ಆದರೆ ಏನನ್ನು ಸೇರಿಸಿ ಹೇಳಬೇಕೆಂದು ನನಗೆ ಗೊತ್ತಿತ್ತು, ಸುಸ್ತಾಗಿ ಕುಳಿತ ತಾಯಿಗೆ ಹೇಗೆ ಗೊತ್ತಾಗಬೇಕು? ನಮ್ಮ ಹಿರಿಯರು ಮಲದ ಬಣ್ಣವನ್ನು ತಾವಾಗಿ ಯಾರ ಮುಂದೆಯೂ ಹೇಳುವುದಿಲ್ಲ. ರೆಪ್ಪೆ ಕೆಳಗೆಳೆದು ನೋಡಿ, ನಾಲಿಗೆ ನೋಡಿ, ಉಗುರು ನೋಡಿ, ಮಗಳನ್ನು ಒಂದು ನಿಮಿಷ ಹೊರಗೆ ಕಳಿಸಿ ಕೇಳಿದರೆ ಮಾತ್ರ ಆ ಮಾತು ಬಾಯಿಗೆ ಬರುತ್ತದೆ.

ಭಾಷೆಯದೂ ಒಂದು ತೊಡಕು. ನಮ್ಮ ಕಡೆಯ ರೋಗಿ ‘ಎದೆಯಲ್ಲಿ ಗ್ಯಾಸ್ ಹಿಡಿದಿದೆ’ ಎನ್ನುತ್ತಾನೆ, ಧಾರವಾಡದ ಕಡೆಯವರು ‘ಎದಿ ಹಿಡದಾಂಗ ಆಗೇತ್ರಿ’ ಎನ್ನುತ್ತಾರೆ, ಇಬ್ಬರಿಗೂ ಆಗಿರುವುದು ಹೃದಯಾಘಾತವಾಗಿರಬಹುದು. ಹೆಚ್ಚಾಗಿ ಇಂಗ್ಲಿಷ್ ಬರಹಗಳಿಂದ ಕಲಿತ ಯಂತ್ರವು ‘ಗ್ಯಾಸ್’ ಎಂಬ ಮಾತನ್ನು ಹೊಟ್ಟೆಯ ಲೆಕ್ಕಕ್ಕೆ ಹಾಕಿಬಿಡುವ ಅಪಾಯವಿದೆ.

ಈ ತಂತ್ರಾಂಶಗಳು ಒಂದು ಪದದ ನಂತರ ಯಾವ ಪದ ಬರುವುದು ಸಹಜ ಎಂಬುದನ್ನು ಅಪಾರ ಓದಿನಿಂದ ಕಲಿತು ವಾಕ್ಯಗಳನ್ನು ಕಟ್ಟುತ್ತವೆ. ಆದ್ದರಿಂದ ತಪ್ಪು ಹೇಳುವಾಗಲೂ ಅವುಗಳ ಧಾಟಿ ಸರಿ ಹೇಳುವಾಗಿನಷ್ಟೇ ಖಚಿತವಾಗಿರುತ್ತದೆ. 2025ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಪ್ರಕರಣವೊಂದರಲ್ಲಿ, 60 ವರ್ಷದ ವ್ಯಕ್ತಿಯೊಬ್ಬರು ಚಾಟ್‌ಜಿಪಿಟಿಯನ್ನು ಕೇಳಿಕೊಂಡು, ಅಡುಗೆ ಉಪ್ಪಿನ ಬದಲಿಗೆ ಸೋಡಿಯಂ ಬ್ರೋಮೈಡ್ ಎಂಬ ರಾಸಾಯನಿಕವನ್ನು ಮೂರು ತಿಂಗಳು ಬಳಸಿದರು. ಕೊನೆಗೆ ಪಕ್ಕದ ಮನೆಯವರು ತನಗೆ ವಿಷ ಹಾಕುತ್ತಿದ್ದಾರೆಂಬ ಭ್ರಮೆಯಲ್ಲಿ ಆಸ್ಪತ್ರೆ ಸೇರಿ ಮೂರು ವಾರ ಚಿಕಿತ್ಸೆ ಪಡೆಯಬೇಕಾಯಿತು. ನಮ್ಮ ದೇಶದಲ್ಲಿ 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು, ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ನೇರವಾಗಿ ಸಲಹೆ ನೀಡುವುದಾಗಲಿ ಔಷಧ ಬರೆದುಕೊಡುವುದಾಗಲಿ ಕೂಡದು, ನೋಂದಾಯಿತ ವೈದ್ಯರಿಗೆ ನೆರವಾಗಬಹುದು ಅಷ್ಟೇ ಎಂದು ಸ್ಪಷ್ಟವಾಗಿ ಹೇಳಿದೆ.

ಹಾಗೆಂದು ತಮ್ಮನನ್ನು ಗದರಿಸಬೇಡಿ. ದೂರದಲ್ಲಿದ್ದುಕೊಂಡು ಅಮ್ಮನ ಬಗ್ಗೆ ಚಿಂತಿಸುವ ಮಗನಿಗೆ ಅವನ ಕೈಗೆ ಎಟುಕಿದ್ದು ಅದು. ರಿಪೋರ್ಟಿನ ಪದಗಳ ಅರ್ಥ ತಿಳಿಯಲು, ವೈದ್ಯರನ್ನು ಏನೇನು ಕೇಳಬೇಕೆಂದು ಪಟ್ಟಿ ಮಾಡಿಕೊಳ್ಳಲು ಅದನ್ನು ಬಳಸಲಿ. ರಿಪೋರ್ಟ್ ಹಾಕುವ ಮೊದಲು ಅಮ್ಮನ ಹೆಸರು, ಫೋನ್ ನಂಬರ್, ಆಸ್ಪತ್ರೆಯ ನೋಂದಣಿ ಸಂಖ್ಯೆಗಳನ್ನು ಮುಚ್ಚಿ ಹಾಕಲಿ.

ಪ್ರಶ್ನೆ: ಯಂತ್ರದ ಮಾತು ಕೇಳಿ ವೈದ್ಯರು ತಪ್ಪು ಚಿಕಿತ್ಸೆ ಕೊಟ್ಟರೆ ಯಾರು ಹೊಣೆ?
– ವಕೀಲರು, ಹಾವೇರಿ

ಉತ್ತರ: ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿದೆ, 2020ರ ಏಪ್ರಿಲ್‌ನಿಂದ ರೋಗಪತ್ತೆಗೆ ಬಳಸುವ ತಂತ್ರಾಂಶವನ್ನೂ ವೈದ್ಯಕೀಯ ಉಪಕರಣವೆಂದೇ ಪರಿಗಣಿಸಲಾಗುತ್ತಿದೆ, 2023ರಲ್ಲಿ ಐಸಿಎಂಆರ್ ನೈತಿಕ ಮಾರ್ಗಸೂಚಿಯನ್ನು ಹೊರತಂದಿದೆ. ವೈದ್ಯನಾಗಿ ನನ್ನ ನಿಲುವು ಸರಳ. ಔಷಧ ಚೀಟಿಯ ಕೆಳಗೆ ಸಹಿ ನನ್ನದು, ಆದ್ದರಿಂದ ರೋಗಿಯ ಮುಂದೆ ಹೊಣೆಯೂ ನನ್ನದು. ಆದರೆ ಆಸ್ಪತ್ರೆಯ ಆಡಳಿತ ಮಂಡಳಿ ತಂತ್ರಾಂಶವನ್ನು ಖರೀದಿಸಿ, ಗಂಟೆಗೆ ನೋಡಬೇಕಾದ ಎಕ್ಸ್‌-ರೇಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿ, ಎಡವಟ್ಟಾದಾಗ ಸಹಿ ಹಾಕಿದ ಕಿರಿಯ ವೈದ್ಯನನ್ನು ಮಾತ್ರ ಮುಂದೆ ತಳ್ಳುವುದು ಅನ್ಯಾಯ. ಯಂತ್ರವನ್ನು ಒಪ್ಪದಿರಲು ಬೇಕಾದ ಸಮಯವನ್ನು ಕೊಡದೆ ಹೊಣೆಯನ್ನು ಮಾತ್ರ ಕೊಡಬಾರದು.

ಪ್ರಶ್ನೆ: ನಾನು ಎಂಬಿಬಿಎಸ್ ಅಂತಿಮ ವರ್ಷದಲ್ಲಿದ್ದೇನೆ. ರೇಡಿಯಾಲಜಿ (ಎಕ್ಸ್‌-ರೇ, ಸ್ಕ್ಯಾನ್‌ಗಳನ್ನು ಓದುವ ವಿಭಾಗ) ಓದಬೇಕೆಂಬ ಆಸೆ. ಇನ್ನು ಹತ್ತು ವರ್ಷಗಳಲ್ಲಿ ಆ ವೃತ್ತಿಯೇ ಇರುವುದಿಲ್ಲವೆಂದು ಎಲ್ಲರೂ ಹೆದರಿಸುತ್ತಾರೆ.
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಧೈರ್ಯವಾಗಿ ಓದಮ್ಮ. ಇನ್ನು ಮುಂದೆ ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಯಂತ್ರಗಳು ಅವರನ್ನು ಮೀರಿಸುತ್ತವೆ ಎಂದು 2016ರಲ್ಲಿ ಹೇಳಿದವರು ಸಾಮಾನ್ಯರಲ್ಲ, ಕೃತಕ ಬುದ್ಧಿಮತ್ತೆಯ ಪಿತಾಮಹರಲ್ಲಿ ಒಬ್ಬರಾದ, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೆಫ್ರಿ ಹಿಂಟನ್. ಐದು ವರ್ಷ ಕಳೆದು ಮತ್ತೆ ಕೆಲವು ವರ್ಷಗಳಾದವು, ರೇಡಿಯಾಲಜಿಸ್ಟರ ಕೊರತೆ ಮಾತ್ರ ಇನ್ನೂ ಇದೆ. ಆದರೆ ಕೆಲಸದ ರೀತಿ ಬದಲಾಗುವುದು ಖಚಿತ. ಸ್ವೀಡನ್ನಿನಲ್ಲಿ 80,000 ಮಹಿಳೆಯರ ಮ್ಯಾಮೊಗ್ರಾಂಗಳ (ಸ್ತನದ ಎಕ್ಸ್‌-ರೇ) ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ರತಿ ಚಿತ್ರವನ್ನೂ ಇಬ್ಬರು ವೈದ್ಯರು ಓದುವ ಹಳೆಯ ಪದ್ಧತಿಗೆ ಬದಲಾಗಿ, ಯಂತ್ರ ಅಪಾಯದ ಮಟ್ಟವನ್ನು ಗುರುತಿಸಿ ಹೆಚ್ಚಿನ ಚಿತ್ರಗಳನ್ನು ಒಬ್ಬ ವೈದ್ಯರಿಗೂ, ಅಪಾಯ ಹೆಚ್ಚಿರುವವನ್ನು ಇಬ್ಬರಿಗೂ ಕಳಿಸಿತು. ಓದುವ ಕೆಲಸ ಶೇ 44ರಷ್ಟು ಕಡಿಮೆಯಾಯಿತು, ಪತ್ತೆಯಾದ ಕ್ಯಾನ್ಸರ್ ಸಾವಿರಕ್ಕೆ 5ರ ಆಸುಪಾಸಿನಿಂದ 6ಕ್ಕೆ ಏರಿತು. ಯಾವ ಚಿತ್ರವನ್ನೂ ಮನುಷ್ಯರ ಕಣ್ಣಿನಿಂದ ತಪ್ಪಿಸಿರಲಿಲ್ಲ ಎಂಬುದನ್ನು ಗಮನಿಸು.

ನಿನಗೆ ನಾನು ಹೇಳಬೇಕಾದ ಎಚ್ಚರಿಕೆ ಬೇರೆಯದು. ಎಂಬಿಬಿಎಸ್ ಮುಗಿಸಿದ ಹೊಸತರಲ್ಲಿ ನಾನು ಒಂದು ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಕೃತಕ ಬುದ್ಧಿಮತ್ತೆಯ ಮಾತೇ ಇಲ್ಲದ ಕಾಲದಲ್ಲೂ ಇಸಿಜಿ ಯಂತ್ರಗಳು ಕಾಗದದ ಮೇಲಂಚಿನಲ್ಲಿ ತಮ್ಮ ಅಭಿಪ್ರಾಯವನ್ನು ಮುದ್ರಿಸುತ್ತಿದ್ದವು. ಐವತ್ತರ ಆಸುಪಾಸಿನ ಅಡಿಕೆ ವ್ಯಾಪಾರಿಯೊಬ್ಬರು ಎದೆಯುರಿ ಎಂದು ಬಂದರು. ಇಸಿಜಿಯ ಮೇಲೆ ‘ನಾರ್ಮಲ್’ ಎಂದು ಬಂತು. ನಾನು ಆ ಪದವನ್ನು ಓದಿ, ಗೆರೆಗಳ ಮೇಲೆ ಕಣ್ಣಾಡಿಸಿದಂತೆ ಮಾಡಿ, ಆಮ್ಲಪಿತ್ತದ ಔಷಧ ಬರೆಯುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್, ‘ಸರ್, ಇವರು ಬೆವರ್ತಿರೋದು ನೋಡಿದ್ರೆ ನಂಗೆ ಧೈರ್ಯ ಬರ್ತಿಲ್ಲ, ಇನ್ನೊಂದ್ಸಲ ತೆಗೀಲಾ?’ ಎಂದರು. ಅರ್ಧ ಗಂಟೆಯ ನಂತರದ ಕಾಗದದಲ್ಲಿ ಹೃದಯಾಘಾತದ ಗೆರೆಗಳು ಎದ್ದು ಕಾಣುತ್ತಿದ್ದವು. ಮೊದಲನೆಯದನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದಾಗ, ಎರಡು ಲೀಡ್‌ಗಳಲ್ಲಿ ಗೆರೆ ಕೂದಲೆಳೆಯಷ್ಟು ಮೇಲೆದ್ದಿತ್ತು. ನೋಡುವವನಿಗೆ ಕಾಣುವಂತೆಯೇ ಇತ್ತು, ನಾನು ನೋಡಿರಲಿಲ್ಲ. ಅವರು ಬದುಕಿದರು. ಅಂದಿನಿಂದ ಇಸಿಜಿ ಕೈಗೆ ಬಂದರೆ ಮೇಲಂಚನ್ನು ಹಿಂದಕ್ಕೆ ಮಡಚಿ, ಗೆರೆಗಳನ್ನು ಓದಿ, ನನ್ನ ಅಭಿಪ್ರಾಯವನ್ನು ಬರೆದ ಮೇಲೆಯೇ ಮಡಿಕೆಯನ್ನು ಬಿಡಿಸುತ್ತೇನೆ.

ನನ್ನಂಥವರು ಇನ್ನೂ ಇದ್ದಾರೆಂದು ಈಗ ಅಂಕಿ ಅಂಶಗಳೇ ಹೇಳುತ್ತಿವೆ. 2023ರಲ್ಲಿ ಜರ್ಮನಿಯ ಸಂಶೋಧಕರು 27 ಮಂದಿ ರೇಡಿಯಾಲಜಿಸ್ಟರಿಗೆ ಮ್ಯಾಮೊಗ್ರಾಂಗಳನ್ನು ಕೊಟ್ಟು, ಕೆಲವಕ್ಕೆ ಉದ್ದೇಶಪೂರ್ವಕವಾಗಿ ಯಂತ್ರದ ಹೆಸರಿನಲ್ಲಿ ತಪ್ಪು ಅಭಿಪ್ರಾಯವನ್ನು ಸೇರಿಸಿದರು. ಯಂತ್ರ ಸರಿ ಹೇಳಿದಾಗ ಅನುಭವ ಕಡಿಮೆಯಿದ್ದವರು ಶೇ 80ರಷ್ಟು ಸರಿ, ತಪ್ಪು ಹೇಳಿದಾಗ ಶೇ 20ರಷ್ಟು ಮಾತ್ರ ಸರಿ. ಬಹಳ ಅನುಭವಿಗಳೂ ಶೇ 82ರಿಂದ ಶೇ 46ರ ಆಸುಪಾಸಿಗೆ ಇಳಿದರು. 2025ರಲ್ಲಿ ಪೋಲೆಂಡ್‌ನಿಂದ ಬಂದ ವರದಿ ಇನ್ನೂ ಚಿಂತೆಗೀಡುಮಾಡುವಂಥದ್ದು. ಕರುಳಿನ ಗಡ್ಡೆಗಳನ್ನು ತೋರಿಸಿಕೊಡುವ ತಂತ್ರಾಂಶವನ್ನು ಬಳಸಲು ಶುರುಮಾಡಿದ ಮೇಲೆ, ತಂತ್ರಾಂಶವಿಲ್ಲದೆ ನಡೆದ ಕೊಲೊನೋಸ್ಕೋಪಿಗಳಲ್ಲಿ ವೈದ್ಯರು ಗಡ್ಡೆ ಪತ್ತೆ ಮಾಡುವ ಪ್ರಮಾಣ ಶೇ 28ರಿಂದ ಶೇ 22ಕ್ಕೆ ಕುಸಿದಿತ್ತು. ಅವರು ಹೊಸಬರೇನಲ್ಲ, ಪಳಗಿದ ಕೈಗಳು. ಆದ್ದರಿಂದ ಮೊದಲ ವರ್ಷಗಳಲ್ಲಿ ಸಾವಿರಾರು ಚಿತ್ರಗಳನ್ನು ಯಂತ್ರದ ನೆರವಿಲ್ಲದೆ ಓದು, ನಿನ್ನ ವರದಿಯನ್ನು ಬರೆದಿಟ್ಟ ಮೇಲೆ ಅದರ ವರದಿಯನ್ನು ತೆರೆ. ಎರಡೂ ಹೊಂದದಿದ್ದರೆ ಎದ್ದುಹೋಗಿ ರೋಗಿಯನ್ನು ನೋಡಿ ಬಾ.

ಪ್ರಶ್ನೆ: ನಾವು ಹಳ್ಳಿಗಳಲ್ಲಿ ಕ್ಷಯರೋಗ ಪತ್ತೆ ಶಿಬಿರಕ್ಕೆ ಜನರನ್ನು ಕರೆತರುತ್ತೇವೆ. ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಯಂತ್ರದ ಜೊತೆಗಿರುವ ಕಂಪ್ಯೂಟರ್ ಕೆಂಪು ಗುರುತು ತೋರಿಸಿದ ಕೂಡಲೇ ಕೆಲವರು ಅಳುತ್ತಾರೆ, ಕೆಲವರು ಊರಿಗೆ ಗೊತ್ತಾದೀತೆಂದು ಹೊರಟೇಬಿಡುತ್ತಾರೆ. ಅವರಿಗೆ ಏನು ಹೇಳಬೇಕು?
– ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಉತ್ತರ: ಅಕ್ಕ, ಇಡೀ ಅಂಕಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪತ್ರ ನಿಮ್ಮದು. ಹದಿನೈದು ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌-ರೇಯಲ್ಲಿ ಕ್ಷಯದ ಸುಳಿವನ್ನು ಹುಡುಕಲು ಇಂಥ ತಂತ್ರಾಂಶವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲಿ ಶಿಫಾರಸು ಮಾಡಿದೆ. ಎಕ್ಸ್‌-ರೇ ಓದುವ ವೈದ್ಯರು ಇಲ್ಲದ ಊರುಗಳಿಗೆ ಇದರಿಂದ ನಿಜವಾದ ಉಪಕಾರವಾಗಿದೆ. ಆದರೆ ಕೆಂಪು ಗುರುತು ಬಂದರೆ ಕ್ಷಯ ಇದೆ ಎಂದು ಅರ್ಥವಲ್ಲ, ಕಫ ಪರೀಕ್ಷೆ ಮಾಡಲೇಬೇಕು ಎಂದು ಅರ್ಥ. ಹಳೆಯ ನ್ಯುಮೋನಿಯಾದ ಕಲೆ, ಎಂದೋ ವಾಸಿಯಾದ ಕ್ಷಯದ ಗಾಯ, ವರ್ಷಗಟ್ಟಲೆ ಕಲ್ಲುಗಣಿಯಲ್ಲಿ ದುಡಿದವರ ಶ್ವಾಸಕೋಶದ ಧೂಳಿನ ಗುರುತು, ಇವೆಲ್ಲವೂ ಯಂತ್ರಕ್ಕೆ ಕ್ಷಯದಂತೆಯೇ ಕಾಣಬಹುದು. ಹಾಗೆಯೇ ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮಿದ್ದು, ಸಂಜೆ ಜ್ವರ ಬಂದು, ತೂಕ ಇಳಿದಿರುವವರಿಗೆ ಯಂತ್ರ ಏನೂ ಇಲ್ಲವೆಂದರೂ ಕಫ ಪರೀಕ್ಷೆ ಬಿಡಬೇಡಿ.

ಸಾಧ್ಯವಾದರೆ ಆ ಪರದೆಯನ್ನು ಜನರ ಕಡೆಗೆ ತಿರುಗಿಸದಂತೆ ಶಿಬಿರದವರನ್ನು ಕೇಳಿಕೊಳ್ಳಿ. ಹೆಸರು ಕೂಗಿ ಹೇಳುವ ಬದಲು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ‘ಚಿತ್ರದಲ್ಲಿ ಒಂದು ಕಲೆ ಕಂಡೈತಿ, ಅದು ಏನಂತ ಕಫ ನೋಡಿದ ಮ್ಯಾಲೆ ಗೊತ್ತಾಕ್ಕತಿ, ಇದ್ದರೂ ಗುಳಿಗಿ ಸರಕಾರದಿಂದ ಪುಕ್ಕಟೆ ಸಿಗತಾವು, ಪೂರಾ ತಗೊಂಡ್ರ ವಾಸಿ ಆಕ್ಕತಿ’ ಎಂದು ನಿಮ್ಮ ಮಾತಿನಲ್ಲೇ ಹೇಳಿ. ಕಫದ ಡಬ್ಬಿಯನ್ನು ಅಲ್ಲೇ ಕೈಗೆ ಕೊಟ್ಟುಬಿಡಿ. ಮರುದಿನ ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಾಡುವಲ್ಲಿ ನಿಂತು, ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆದ ಕಫವೇ ಬೇಕು, ಬರೀ ಎಂಜಲು ಆಗದು ಎಂದು ತಿಳಿಸಿ. ಡಬ್ಬಿಯನ್ನು ಪಡೆಯಲು ಸಾಧ್ಯವಾದರೆ ನೀವೇ ಅವರ ಮನೆಗೆ ಹೋಗಿ.